ಗಿಡ ನೆಡೋದು ಆಮೇಲೆ, ಮೊದಲು ಇರೋದನ್ನ ಉಳಿಸಿ

ಹೋದ ತಿಂಗಳು ಊರಿಂದ ಅಪ್ಪನ ಫೋನು. “ಒಡ್ಡಿನ ಮ್ಯಾಲಿನ ಕಂಟಿ ಭಾಳ ಬೆಳದೈತಿ. ಜೆಸಿಬಿಗೆ ಹೇಳೀನಿ, ಬೇರು ಸಮೇತ ಕಿತ್ತಿಸಿಬಿಡ್ತೀನಿ.” ಆಫೀಸ್ ಕ್ಯಾಬ್‌ನಲ್ಲಿದ್ದ ನಾನು, “ಒಂದು ವಾರ ತಡಿ ಅಪ್ಪಾ” ಅಂದೆ. ಯಾಕಂದ್ರೆ ಆಗಷ್ಟೇ ನೈಜರ್ ದೇಶದ ಕಥೆ ಓದಿದ್ದೆ.

ನೈಜರ್ ಇರೋದು ಪಶ್ಚಿಮ ಆಫ್ರಿಕಾದಲ್ಲಿ, ಸಹಾರಾ ಮರುಭೂಮಿಯ ಅಂಚಿಗೆ. ಅಲ್ಲಿಯ ಮುಖ್ಯ ಬೆಳೆ ನಮ್ಮ ಸಜ್ಜೆಯೇ. 1980ರ ಹೊತ್ತಿಗೆ ಹೊಲಗಳಲ್ಲಿ ಮರಗಳೇ ಉಳಿದಿರಲಿಲ್ಲ. ಗಾಳಿಗೆ ಹಾರಿಬಂದ ಮರಳು ಎಳೆ ಪೈರನ್ನು ಮುಚ್ಚಿಹಾಕುತ್ತಿತ್ತು; ರೈತರು ಮತ್ತೆ ಮತ್ತೆ ಬಿತ್ತಬೇಕಿತ್ತು. ಮರಾಡಿ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ ನೆಡಿಸಿದ ಸಸಿಗಳಲ್ಲಿ ಬಹುಪಾಲು ಒಣಗಿಹೋದವು.

1983ರಲ್ಲಿ ಒಂದು ದಿನ, ಮರಳಲ್ಲಿ ಗಾಡಿ ಓಡಿಸಲು ಟೈರಿನ ಗಾಳಿ ಇಳಿಸೋಕೆ ಅವರು ಕೆಳಗಿಳಿದರು. ಪಕ್ಕದಲ್ಲೊಂದು ಪೊದೆ. ಎಲೆ ನೋಡಿದರೆ ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆಯ ಚಿಗುರು! ಅಂದರೆ ಕಾಡು ನೆಲದಡಿ ಬೇರಾಗಿ ಜೀವಂತ ಇತ್ತು. ಪ್ರತಿ ವರ್ಷ ರೈತರು ಅದನ್ನು ಸವರಿ ಹಾಕುತ್ತಿದ್ದರು, ಅಷ್ಟೇ.

ವಿಧಾನ ತುಂಬಾ ಸರಳ. ಬೊಡ್ಡೆಯಲ್ಲಿ ಗಟ್ಟಿಯಾದ ನಾಲ್ಕೈದು ಚಿಗುರು ಉಳಿಸಿ, ಮಿಕ್ಕಿದ್ದು ಕತ್ತರಿಸೋದು. ಉಳಿಸಿದವುಗಳ ಕೆಳಗಿನ ಕವಲು ಸವರೋದು. ದನ, ಬೆಂಕಿಯಿಂದ ಕಾಯೋದು. ಬೇರು ಆಗಲೇ ಆಳಕ್ಕೆ ಇಳಿದಿರೋದರಿಂದ ನೀರು ಹಾಕೋ ಗೋಜಿಲ್ಲ. ಇನ್ನೊಂದು ಲಾಭ, ವೈವಿಧ್ಯ. ನರ್ಸರಿಯ ಒಂದೇ ಜಾತಿಯ ಸಾಲು ಅಲ್ಲ, ಆ ನೆಲದ್ದೇ ಹಲವು ಮರಗಳು ಏಳುತ್ತವೆ. ಒಂದು ಮೇವಿಗೆ, ಒಂದು ಸೌದೆಗೆ, ಒಂದು ಔಷಧಿಗೆ. ಅಲ್ಲಿಯ ‘ಗಾವೊ’ ಮರವಂತೂ ಮಳೆಗಾಲದಲ್ಲೇ ಎಲೆ ಉದುರಿಸುತ್ತದೆ. ಬೆಳೆಗೆ ನೆರಳಿನ ಕಾಟವೂ ಇಲ್ಲ.

ಆದರೆ ಹೊಲದ ಮರ ಸರ್ಕಾರದ್ದು ಅನ್ನೋ ಕಾನೂನು ಅಲ್ಲಿತ್ತು. ನಮ್ಮದಲ್ಲದ್ದನ್ನ ಯಾರು ಕಾಯ್ತಾರೆ? ಆ ಹಿಡಿತ ಸಡಿಲವಾದ ಮೇಲೆ ಊರಿಂದೂರಿಗೆ ಇದು ಹಬ್ಬಿತು. ಸುಮಾರು 20 ವರ್ಷಗಳಲ್ಲಿ 50 ಲಕ್ಷ ಹೆಕ್ಟೇರಿನಲ್ಲಿ ಅಂದಾಜು 20 ಕೋಟಿ ಮರ ಎದ್ದವು. 2018ರಲ್ಲಿ ರಿನಾಡೊ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಇದನ್ನೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: “ನೆರಳಿಗೆ ಜ್ವಾಳ ಬರತೈತೇನು?” ನ್ಯಾಯವಾದ ಪ್ರಶ್ನೆ. ಟ್ರ್ಯಾಕ್ಟರ್ ತಿರುಗೋಕೂ ಜಾಗ ಬೇಕು. ಕೊನೆಗೆ ರಾಜಿಯಾಯ್ತು. ಸಿಕ್ಕಲ್ಲೆಲ್ಲ ಹಬ್ಬೋ ಬಳ್ಳಾರಿ ಜಾಲಿ ತೆಗೆಸೋದು; ಬೇವು, ಬನ್ನಿ, ಬಾರಿ ಚಿಗುರನ್ನು ಒಂದು ಒಡ್ಡಿನ ಮೇಲೆ ಮಾತ್ರ ಎರಡು ವರ್ಷ ಬಿಟ್ಟು ನೋಡೋದು.

ನಿಮ್ಮೂರಲ್ಲೂ ಒಣ ಹೊಲ ಇದ್ಯಾ? ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಕೇಳಿ, ಒಡ್ಡಿನ ಮೇಲೆ ಏನೇನು ಚಿಗುರಿದೆ ಅಂತ. ಜೆಸಿಬಿ ಬರೋಕೆ ಮುಂಚೆ ಕೇಳಿ.