ಫೋಟೋ ಕ್ರಾಪ್ ಮಾಡಿದರೆ ಹೋಗೋದು ಬರೀ ಅಂಚಲ್ಲ

ಜಾತ್ರೆಯದ್ದೋ, ಅಂಗಡಿ ಉದ್ಘಾಟನೆಯದ್ದೋ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಎಲ್ಲರೂ ಒಂದು ಕೆಲಸ ಮಾಡ್ತೀವಿ. ಮೂಲೆಯಲ್ಲಿ ಕಾಣುವ ಕಸದ ಬುಟ್ಟಿ, ಅಡ್ಡ ಬಂದ ಬೈಕು, ಕರೆಂಟ್ ಕಂಬ ಇದನ್ನೆಲ್ಲ ಕ್ರಾಪ್ ಮಾಡಿ ತೆಗೀತೀವಿ. ಅದರಲ್ಲಿ ತಪ್ಪೇನೂ ಇಲ್ಲ. ನೋಡುವವರ ಕಣ್ಣು ನೇರವಾಗಿ ಮುಖದ ಮೇಲೆ ಬೀಳುತ್ತೆ. ಆದರೆ ಅಂಚು ಕತ್ತರಿಸಿದಾಗ ಫೋಟೋ ಹೇಳುವ ವಿಷಯವೇ ಬದಲಾಗಬಹುದು. ಅದಕ್ಕೆ 2020ರ ಜನವರಿಯ ಈ ಪ್ರಸಂಗ ನೋಡಿ.

ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸಭೆ ನಡೆದಿತ್ತು. ಹವಾಮಾನ ಬದಲಾವಣೆ ಬಗ್ಗೆ ಹೋರಾಡುವ ಐವರು ಯುವತಿಯರು ಅಲ್ಲಿ ಒಟ್ಟಿಗೆ ನಿಂತ ಫೋಟೋವನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತೆಗೆದಿತ್ತು. ಸ್ವೀಡನ್ನಿನ ಗ್ರೇಟಾ ಥನ್‌ಬರ್ಗ್ ಅವರಲ್ಲಿ ಒಬ್ಬರು. ಒಂದು ತುದಿಯಲ್ಲಿದ್ದವರು ಉಗಾಂಡಾದ ವನೆಸ್ಸಾ ನಕಾಟೆ. ಪ್ರಕಟವಾದ ಫೋಟೋದಲ್ಲಿ ಇದ್ದದ್ದು ನಾಲ್ವರೇ! ಐವರಲ್ಲಿ ಆಫ್ರಿಕಾದಿಂದ ಬಂದಿದ್ದ ಏಕೈಕ ಯುವತಿ ನಕಾಟೆ, ಅವರೇ ಕಾಣೆ.

ನಕಾಟೆ ಬಹಿರಂಗವಾಗಿಯೇ ಯಾಕೆ ಅಂತ ಕೇಳಿದರು. ಅವರ ಹಿಂದಿದ್ದ ಕಟ್ಟಡ ಫೋಟೋದ ಅಂದ ಕೆಡಿಸುತ್ತಿತ್ತು, ಅದಕ್ಕೇ ಕತ್ತರಿಸಿದ್ದು ಅನ್ನೋದು ಸಂಸ್ಥೆಯ ಉತ್ತರ. ಇರಬಹುದು. ಕಟ್ಟಡ ಹೋಯಿತು ನಿಜ, ಜೊತೆಗೆ ಒಂದು ಖಂಡದ ದನಿಯೂ ಹೋಯಿತಲ್ಲ? ಕೊನೆಗೆ ಸಂಸ್ಥೆ ಪೂರ್ತಿ ಫೋಟೋ ಹಾಕಿತು, ಅದರ ಸಂಪಾದಕಿ ಕ್ಷಮೆ ಕೇಳಿದರು.

ಇನ್ನೊಂದು ವಿಷಯ. ಕ್ರಾಪ್ ಮಾಡಿದರೆ ಹತ್ತಿರ ಹೋಗಿ ತೆಗೆದ ಹಾಗೇ ಆಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಆಗಲ್ಲ. ಮುಂದಿನದು ಎಷ್ಟು ದೊಡ್ಡದು, ಹಿಂದಿನದು ಎಷ್ಟು ಚಿಕ್ಕದು ಅನ್ನೋದು ಕ್ಯಾಮೆರಾ ಇರುವ ಜಾಗದ ಮೇಲೆ ನಿಂತಿದೆ. ಅಂಗಡಿ ಬೋರ್ಡಿನಿಂದ 5 ಅಡಿ ಮುಂದೆ ಮಾಲೀಕರು ನಿಂತಿದ್ದಾರೆ ಅನ್ನಿ. ಅವರಿಂದ 20 ಅಡಿ ದೂರದಲ್ಲಿ ನಿಂತು ತೆಗೆದರೆ ಬೋರ್ಡು ಅವರ ಬೆನ್ನಿಗೇ ಅಂಟಿದಂತೆ ದೊಡ್ಡದಾಗಿ ಕಾಣುತ್ತೆ. ಎಷ್ಟೇ ಕ್ರಾಪ್ ಮಾಡಿ, ಆ ಅಳತೆ ಹಾಗೇ ಇರುತ್ತೆ. ಅದೇ ಮಾಲೀಕರ ಹತ್ತಿರ, 5 ಅಡಿಗೆ ಹೋಗಿ ತೆಗೆದರೆ ಅವರು ದೊಡ್ಡದಾಗಿ ಕಾಣ್ತಾರೆ, ಬೋರ್ಡು ಹಿಂದೆ ಸರಿದು ಚಿಕ್ಕದಾಗುತ್ತೆ.

ಸಭೆಗಳ ಫೋಟೋದಲ್ಲಿ ನಡೆಯೋ ಕರಾಮತ್ತೂ ಇದೇ. ದೂರದಿಂದ ತೆಗೆದು ನಡುವಿನ ಭಾಗ ಮಾತ್ರ ಇಟ್ಟುಕೊಂಡರೆ ಬಿಡಿಬಿಡಿಯಾಗಿ ಕೂತವರೂ ಒತ್ತೊತ್ತಾಗಿ ಕಾಣ್ತಾರೆ. ಪಕ್ಕದ ಖಾಲಿ ಕುರ್ಚಿಗಳು ಅಂಚಿನ ಜೊತೆ ಹೋದವು, ಸುದ್ದಿಯಲ್ಲಿ ಜನಸಾಗರ!

ಫ್ಲೆಕ್ಸ್ ಹಾಕಿಸುವವರಿಗೆ ಒಂದು ಲೆಕ್ಕ. 12 ಮೆಗಾಪಿಕ್ಸೆಲ್ ಫೋಟೋದ ಅಗಲ ಅರ್ಧ, ಎತ್ತರ ಅರ್ಧ ಮಾಡಿದರೆ ಉಳಿಯೋದು 3 ಮಾತ್ರ. ಪ್ರಿಂಟ್ ಮಾಡುವವರು ಒರಿಜಿನಲ್ ಕೇಳೋದು ಸುಮ್ಮನೆ ಅಲ್ಲ. ಕ್ರಾಪ್ ಮಾಡಿದ್ದನ್ನು ಬೇರೆ ಪ್ರತಿಯಾಗಿ ಉಳಿಸಿ.

ರಸ್ತೆ ಜಗಳದ ಫೋಟೋ ಬಂದಾಗಂತೂ ಅವಸರ ಬೇಡ. ಯಾರ ಕೈ ಎದ್ದಿದೆ ಅಂತ ಅದರಲ್ಲಿ ಕಾಣುತ್ತೆ, ಎದುರಿಗಿದ್ದವರ ಕೈಯಲ್ಲಿ ಏನಿತ್ತು ಅನ್ನೋದು ಕತ್ತರಿಸಿದ ಭಾಗದಲ್ಲಿ ಇರಬಹುದು. ಯಾರದೋ ಅಂಗಡಿ ಹೆಸರು ಸೇರಿಸಿ ಫಾರ್ವರ್ಡ್ ಮಾಡುವ ಮೊದಲು, ಕಳಿಸಿದವರ ಹತ್ರ ಪೂರ್ತಿ ಫೋಟೋ ಕೇಳಿ.