ಬೆಳಿಗ್ಗೆ ಟಿಕ್ ಟಿಕ್, ಬಿಸಿಯಾದರೆ ಮಾಯ: ಕಾರಿನ ಈ ಸದ್ದನ್ನು ಕಡೆಗಣಿಸಬಹುದೇ?

ಡಿಸೆಂಬರ್‌ನ ಚಳಿ. ಧಾರವಾಡದ ಮನೆಯ ಮುಂದೆ ನಿಂತ ಸಣ್ಣ ಕಾರನ್ನು ಸ್ಟಾರ್ಟ್ ಮಾಡುತ್ತೀರಿ. ಬಾನೆಟ್ ಒಳಗಿಂದ ‘ಟಿಕ್ ಟಿಕ್ ಟಿಕ್’ ಎಂಬ ಸದ್ದು. ಹುಬ್ಬಳ್ಳಿಯತ್ತ ಹೊರಟು ನವನಗರ ದಾಟುವಷ್ಟರಲ್ಲಿ ಸದ್ದು ನಿಂತಿರುತ್ತದೆ. ಗೋಕುಲ ರಸ್ತೆಯ ಗ್ಯಾರೇಜಿಗೆ ಹೋದರೆ ಮಿಸ್ತ್ರಿಗೆ ಏನೂ ಕೇಳಿಸುವುದಿಲ್ಲ. “ತಣ್ಣಗಿದ್ದಾಗ ಎಲ್ಲ ಕಾರೂ ಹಾಗೇ, ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ” ಎಂದು ಯಾರೋ ಹೇಳುತ್ತಾರೆ, ನಾವು ನಂಬುತ್ತೇವೆ.

ಈ ಮಾತು ಅರ್ಧ ಮಾತ್ರ ನಿಜ. ಆಯಿಲ್ ಇನ್ನೂ ಮೇಲೇರದಿದ್ದಾಗ ಟ್ಯಾಪೆಟ್ ಸ್ವಲ್ಪ ಹೊತ್ತು ಸದ್ದು ಮಾಡುವುದುಂಟು. ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗಲೂ ಸದ್ದು ಹೀಗೇ ಬಂದು ಹೀಗೇ ಹೋಗುತ್ತದೆ.

ಮ್ಯಾನಿಫೋಲ್ಡ್ ಎಂದರೇನು?

ಎಂಜಿನ್‌ನ ಪ್ರತಿಯೊಂದು ಸಿಲಿಂಡರ್‌ನಿಂದ ಬರುವ ಸುಟ್ಟ ಅನಿಲವನ್ನು ಒಂದೆಡೆ ಸೇರಿಸಿ ಸೈಲೆನ್ಸರ್ ಪೈಪಿನ ಕಡೆ ಕಳಿಸುವ ಕವಲು ಪೈಪೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅನೇಕ ಕಾರುಗಳಲ್ಲಿ ಇದನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ದಿರುತ್ತಾರೆ. ಬೀಡು ಶಾಖ ತಡೆಯುತ್ತದೆ, ಆದರೆ ಬಾಗುವುದಿಲ್ಲ; ಒತ್ತಡ ಹೆಚ್ಚಾದರೆ ಸೀಳುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. 30 ಸೆಂಟಿಮೀಟರ್ ಉದ್ದದ ಬೀಡಿನ ತುಂಡು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಅರಬೈಲ್ ಘಟ್ಟ ಹತ್ತುವಾಗಿನಂತೆ ಎಂಜಿನ್ ಮೇಲೆ ಭಾರ ಬಿದ್ದಾಗ ಇಂಥ ಬಿಸಿ ಸಾಮಾನ್ಯ. ಎಂಜಿನ್ ನಿಂತ ಮೇಲೆ ಅದು ಮತ್ತೆ ಕುಗ್ಗಬೇಕು. ಹೀಗೆ ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಲೋಹ ದಣಿಯುತ್ತದೆ. ಅದರ ಜೊತೆ ಬೋಲ್ಟ್ ಸಡಿಲವಾಗಿದ್ದರೆ, ಇಲ್ಲವೇ ಕಾದ ಎಂಜಿನ್ ಮೇಲೆ ತಣ್ಣೀರು ಹೊಡೆದು ತೊಳೆಯುವ ಅಭ್ಯಾಸವಿದ್ದರೆ ಬಿರುಕಿಗೆ ದಾರಿ ಸಲೀಸು.

ಸದ್ದು ಮಾಯವಾಗುವುದು ಏಕೆ?

ತಣ್ಣಗಿದ್ದಾಗ ಬಿರುಕಿನ ಬಾಯಿ ತೆರೆದಿರುತ್ತದೆ. ಎಂಜಿನ್‌ನ ಪ್ರತಿ ಬಡಿತಕ್ಕೂ ಅನಿಲ ಅಲ್ಲಿಂದ ಚಿಮ್ಮಿ ಟಿಕ್ ಎನ್ನುತ್ತದೆ. ಕಾದ ಮೇಲೆ ಲೋಹ ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಸದ್ದು ನಿಂತರೂ ಬಿರುಕು ಅಲ್ಲೇ ಇರುತ್ತದೆ, ದಿನೇ ದಿನೇ ಬೆಳೆಯುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ಸುಟ್ಟ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಾರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಈ ವಿಷಾನಿಲದ ಬಹುಪಾಲನ್ನು ಇಂಗಾಲದ ಡೈಆಕ್ಸೈಡ್ ಆಗಿ ಬದಲಿಸುತ್ತದೆ. ಆದರೆ ಮ್ಯಾನಿಫೋಲ್ಡ್ ಇರುವುದು ಕನ್ವರ್ಟರ್‌ಗಿಂತ ಮೊದಲು. ಅಲ್ಲಿ ಸೋರುವುದು ಶುದ್ಧಿಯಾಗದ ಅನಿಲ.

ಇನ್ನೊಂದು ವಿಷಯ ಗಮನಿಸಿ. ಪೆಟ್ರೋಲ್ ಎಂಜಿನ್ ತಣ್ಣಗಿದ್ದಾಗ ಹೆಚ್ಚು ಇಂಧನ ಕುಡಿಯುತ್ತದೆ, ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅಂದರೆ ಬಿರುಕು ಹೆಚ್ಚು ತೆರೆದಿರುವ ಹೊತ್ತೂ ವಿಷಾನಿಲ ಹೆಚ್ಚಿರುವ ಹೊತ್ತೂ ಒಂದೇ. ನಾವು ಮನೆಯ ಶೆಡ್ಡಿನೊಳಗೆ ಕಾರು ಬಿಸಿ ಮಾಡುವುದೂ ಅದೇ ಹೊತ್ತಿನಲ್ಲಿ!

ಕಾರಿನೊಳಕ್ಕೆ ಹೊರಗಾಳಿ ಎಳೆಯುವ ಕಿಂಡಿ ಸಾಮಾನ್ಯವಾಗಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್‌ಗೆ ತಾಗಿಕೊಂಡೇ ಇರುತ್ತದೆ. ಬಯಲಿನಲ್ಲಿ ಓಡುವಾಗ ಸೋರಿದ ಅನಿಲ ಬಹುಪಾಲು ಗಾಳಿಗೆ ಹಾರಿಹೋಗುತ್ತದೆ. ನಿಂತ ಕಾರಿನಲ್ಲಿ, ಮುಚ್ಚಿದ ಜಾಗದಲ್ಲಿ ಅದು ಒಳಗೆ ಸೇರಬಹುದು. ಬಿರುಕು ಇಲ್ಲದ ಕಾರನ್ನೂ ಮುಚ್ಚಿದ ಶೆಡ್ಡಿನಲ್ಲಿ ಚಾಲೂ ಇಡಬಾರದು ಎಂಬುದು ನೆನಪಿರಲಿ.

ಕಾರಿನಲ್ಲಿ ಕೂತವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಕೂಡಲೇ ಕಾರು ನಿಲ್ಲಿಸಿ, ಎಲ್ಲರೂ ಬಯಲು ಗಾಳಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಮನೆಯ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಿರಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕಕ್ಕೂ ಕಾರ್ಬನ್ ಮೊನಾಕ್ಸೈಡ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯೇ ಆಗಬೇಕು.

ಪತ್ತೆ ಹಚ್ಚುವುದು ಹೇಗೆ?

ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಡಿ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಮಿಸ್ತ್ರಿ ಪಕ್ಕದಲ್ಲೇ ನಿಂತು ಕೇಳಲಿ. ಆಕ್ಸಲರೇಟರ್ ಒತ್ತಿದಾಗ ಸದ್ದು ಜೋರಾಗಿ, ಕಾದಂತೆ ಕಡಿಮೆಯಾದರೆ ಸೋರಿಕೆಯ ಅನುಮಾನ ಬಲವಾಗುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಮ್ಯಾನಿಫೋಲ್ಡ್ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ನೋಡಬೇಕು. ಸೋರುವ ಕಡೆ ಕಪ್ಪು ಮಸಿಯ ಗೆರೆ ಇರುತ್ತದೆ.

ಕಣ್ಣಿಗೆ ಕಾಣದಿದ್ದರೆ ಪಂಕ್ಚರ್ ಅಂಗಡಿಯ ಉಪಾಯ ಇದೆ. ಎಂಜಿನ್ ಆಫ್ ಇರುವಾಗ ಸೈಲೆನ್ಸರ್ ಬಾಯಿಂದ ಬ್ಲೋವರ್‌ನಲ್ಲಿ ಗಾಳಿ ಊದಿ, ಮ್ಯಾನಿಫೋಲ್ಡ್ ಮೇಲೆ ಸೋಪಿನ ನೀರು ಹಚ್ಚುತ್ತಾರೆ. ಗುಳ್ಳೆ ಎದ್ದಲ್ಲಿ ಸೋರಿಕೆ.

“ಹೊಗೆ ತಪಾಸಣೆ ಪಾಸಾಗಿದೆಯಲ್ಲ” ಎನ್ನಬೇಡಿ. ಆ ತಪಾಸಣೆಯ ಕೊಳವೆ ಇಡುವುದು ಸೈಲೆನ್ಸರ್ ಬಾಯಲ್ಲಿ. ಬಾನೆಟ್ ಒಳಗೆ ಸೋರಿದ ಅನಿಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಬಿರುಕಿನಿಂದ ಹೊರಗಾಳಿ ಒಳಸೇರಿದರೆ ಆಕ್ಸಿಜನ್ ಸೆನ್ಸರ್ ಕೂಡ ದಾರಿ ತಪ್ಪುತ್ತದೆ. ಇಂಧನ ಕಡಿಮೆಯಾಯಿತೆಂದು ಎಂಜಿನ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು.

ರಿಪೇರಿ ಹೇಗೆ?

ಮೊದಲು ಸೋರುವುದು ಪ್ಯಾಕಿಂಗೋ ಮ್ಯಾನಿಫೋಲ್ಡೋ ಎಂದು ಕೇಳಿ. ಪ್ಯಾಕಿಂಗ್ ಸುಟ್ಟಿದ್ದರೆ ಅಥವಾ ಸ್ಟಡ್ ತುಂಡಾಗಿದ್ದರೆ ಅವನ್ನಷ್ಟೇ ಬದಲಿಸಿದರೆ ಸಾಕಾಗಬಹುದು. ಮ್ಯಾನಿಫೋಲ್ಡ್‌ನ ಮುಖ ಸೊಟ್ಟಗಾಗಿದ್ದರೆ ಮಷಿನ್ ಶಾಪಿನಲ್ಲಿ ಸಮ ಮಾಡಿಸಬಹುದು.

ಬಿರುಕೇ ಬಿಟ್ಟಿದ್ದರೆ ಹೊಸ ಮ್ಯಾನಿಫೋಲ್ಡ್ ಹಾಕಿಸುವುದು ಒಳ್ಳೆಯದು. ಬೀಡಿಗೂ ವೆಲ್ಡಿಂಗ್ ಮಾಡಬಹುದು, ಆದರೆ ಅದಕ್ಕೆ ನುರಿತ ಕೈ ಬೇಕು: ಮೊದಲು ಇಡೀ ತುಂಡನ್ನು ಕಾಯಿಸಿ, ನಿಕಲ್ ರಾಡ್ ಬಳಸಿ, ನಂತರ ನಿಧಾನವಾಗಿ ಆರಿಸಬೇಕು. ಅವಸರದ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ನೀರಿನ ಪೈಪಿಗೆ ಹಚ್ಚುವ ಎಪಾಕ್ಸಿ ಪುಟ್ಟಿಯಂತೂ ಈ ಶಾಖಕ್ಕೆ ಸುಟ್ಟುಹೋಗುತ್ತದೆ. ಎಕ್ಸಾಸ್ಟ್ ಪೇಸ್ಟ್ ಗ್ಯಾರೇಜ್ ತಲುಪುವವರೆಗಿನ ಆಸರೆ, ರಿಪೇರಿ ಅಲ್ಲ.

ಹಳೆ ಪ್ಯಾಕಿಂಗ್ ಮತ್ತೆ ಹಾಕಲು ಬಿಡಬೇಡಿ. ನಟ್‌ಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಕೆಲಸ ಮುಗಿದ ಮಾರನೇ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಕೇಳಿ. ಆಗಲೂ ಟಿಕ್ ಟಿಕ್ ಇಲ್ಲದಿದ್ದರೆ ಮಾತ್ರ ರಿಪೇರಿ ಆಗಿದೆ ಎಂದರ್ಥ.

ಅಲ್ಲಿಯವರೆಗೆ ಕಾರನ್ನು ಶೆಡ್ಡಿನೊಳಗೆ ಸ್ಟಾರ್ಟ್ ಮಾಡಿ ಬಿಡಬೇಡಿ, ಎಸಿ ಹಾಕಿಕೊಂಡು ಒಳಗೆ ಮಲಗಬೇಡಿ. ಗ್ಯಾರೇಜಿಗೆ ಒಯ್ಯುವಾಗ ಕಿಟಕಿ ಗಾಜು ಇಳಿಸಿರಿ. “ಬಿಸಿಯಾದ ಮೇಲೆ ಸರಿಹೋಗುತ್ತದೆ” ಎಂಬ ಸಂದೇಶ ಗ್ರೂಪಿನಲ್ಲಿ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಬದಲು ಈ ಮಾಹಿತಿ ಹಂಚಿ.