ಗಂಡಭೇರುಂಡ ಹೊತ್ತ ಸಮರನೌಕೆ

ಮನುಷ್ಯನಂತೆ ಹಡಗಿಗೂ ಒಂದು ಆಯುಷ್ಯವುಂಟು. ಅದಕ್ಕೂ ಜನನವಿದೆ, ನಾಮಕರಣವಿದೆ, ದುಡಿಮೆಯಿದೆ, ಮುಪ್ಪಿದೆ. ಕೊನೆಗೆ ಮರಣವೂ ಇದೆ. ಆದರೆ ಮನುಷ್ಯನಿಗಿಲ್ಲದ ಒಂದು ಸೌಭಾಗ್ಯ ಕೆಲವು ಹಡಗುಗಳಿಗೆ ಒದಗುತ್ತದೆ. ಒಂದು ದೇಶದ ಸೇವೆಯಲ್ಲಿ ದಣಿದುದು ಮತ್ತೊಂದು ದೇಶದ ಬಾವುಟದಡಿಯಲ್ಲಿ, ಹೊಸ ಹೆಸರಿನಿಂದ, ಪುನರ್ಜನ್ಮ ಪಡೆಯಬಹುದು. ನಮ್ಮ ನಾಡಿನ ಹೆಸರು ಹೊತ್ತು ಇಪ್ಪತ್ತೆಂಟು ವರ್ಷ ಕಡಲಿನಲ್ಲಿ ಸಂಚರಿಸಿದ 'ಮೈಸೂರು' ಕ್ರೂಸರಿನ ಕಥೆ ಅಂಥದು.

ಮೊದಲ ಜನ್ಮ

ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ನಿರ್ಮಾಣವಾದ ಈ ನೌಕೆ ನೀರಿಗಿಳಿದುದು 1939ರ ಜುಲೈ 18ರಂದು. ಒಂದೂವರೆ ತಿಂಗಳಿಗೆ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಸೆಪ್ಟೆಂಬರಿನಲ್ಲಿ ಅದು 'ನೈಜೀರಿಯ' ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯನ್ನು ಸೇರಿತು. ಐನೂರೈವತ್ತು ಅಡಿಗೂ ಮಿಕ್ಕ ಉದ್ದ, ಎಂಟು ಸಾವಿರ ಟನ್ನಿಗೂ ಮೀರಿದ ಭಾರ, ಆರಂಗುಲದ ಹನ್ನೆರಡು ಫಿರಂಗಿಗಳು!

1942ರ ಆಗಸ್ಟಿನಲ್ಲಿ, ಮುತ್ತಿಗೆಗೆ ಸಿಕ್ಕಿ ಅನ್ನ-ಇಂಧನಗಳಿಲ್ಲದೆ ಬಳಲುತ್ತಿದ್ದ ಮಾಲ್ಟಾ ದ್ವೀಪಕ್ಕೆ ಹೊರಟ ಹದಿನಾಲ್ಕು ಸರಕುಹಡಗುಗಳಿಗೆ ಅದು ಕಾವಲಾಗಿ ನಡೆಯಿತು. 12ನೆಯ ತಾರೀಖಿನ ಸಂಜೆ 'ಆಕ್ಸಂ' ಎಂಬ ಇಟಲಿಯ ಜಲಾಂತರ್ಗಾಮಿ ಒಮ್ಮೆಗೇ ಬಿಟ್ಟ ಟಾರ್ಪೆಡೊಗಳು ಮೂರು ಹಡಗುಗಳನ್ನು ಭೇದಿಸಿದವು. 'ಕೈರೊ' ಉಳಿಯಲಿಲ್ಲ; ತೈಲದ ಹಡಗು 'ಓಹಿಯೊ' ಗಾಯಗೊಂಡೂ ಮಾಲ್ಟಾವನ್ನು ತಲುಪಿತು; 'ನೈಜೀರಿಯ' ಐವತ್ತಕ್ಕೂ ಹೆಚ್ಚು ನಾವಿಕರನ್ನು ಕಳೆದುಕೊಂಡು, ಒಂದು ಮಗ್ಗುಲಿಗೆ ವಾಲಿಕೊಂಡು ಜಿಬ್ರಾಲ್ಟರಿಗೆ ಹಿಂತಿರುಗಿತು. ಅದರ ಗಾಯ ಮಾಯಲು ಅಮೆರಿಕದಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಯಿತು.

ಮರುಹುಟ್ಟು

1954ರಲ್ಲಿ ಭಾರತ ಈ ಹಡಗನ್ನು ಕೊಂಡಿತು. ಬರ್ಕನ್‌ಹೆಡ್ಡಿನಲ್ಲಿ ದುರಸ್ತಿಯಾಗಿ, 1957ರ ಆಗಸ್ಟ್ 29ರಂದು ಅದು 'ಮೈಸೂರು' ಆಯಿತು. ಕನ್ನಡಿಗರ ಏಕೀಕೃತ ಮೈಸೂರು ರಾಜ್ಯ ಉದಯಿಸಿ ಆಗ ಹತ್ತು ತಿಂಗಳು. ನೌಕೆಯ ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಅದರ ಧ್ಯೇಯವಾಕ್ಯ, 'ಎಂದೆಂದಿಗೂ ಅಂಜದು' ಎಂಬ ಭಾವದ ಉಪನಿಷದ್ವಾಣಿ. ಮೊದಲ ಕಪ್ತಾನರಾದ ಎಸ್. ಎಂ. ನಂದಾ ಅವರೇ 1971ರ ಯುದ್ಧಕಾಲದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದರು.

ಪರರು ದುಡಿಸಿ ಬಿಟ್ಟ ಹಡಗನ್ನು ಕೊಳ್ಳಬೇಕಿತ್ತೇ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅಂದು ದೊಡ್ಡ ಸಮರನೌಕೆಯನ್ನು ಕಟ್ಟುವ ಸಾಮರ್ಥ್ಯ ನಮ್ಮ ಹಡಗುಕಟ್ಟೆಗಳಿಗೆ ಬಂದಿರಲಿಲ್ಲ. ಮುಂಬಯಿಯಲ್ಲಿ ನಿರ್ಮಿತವಾದ 'ನೀಲಗಿರಿ' ಸೇವೆಗೆ ಸೇರಿದುದು 1972ರಲ್ಲಿ. ಅಲ್ಲಿಯವರೆಗೆ ನಾವಿಕರು ಕಾದಿರಲು ಸಾಧ್ಯವೆ? ನೂರಾರು ಮಂದಿ ಒಂದೇ ಸೂರಿನಡಿ ಬಾಳುವ ಹಡಗನ್ನು ನಡೆಸುವ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ.

ಆ ವಿದ್ಯೆಗೆ ಬೆಲೆ ತೆರಬೇಕಾಯಿತು. 1959ರಲ್ಲಿ ಸಿಂಹಳದ ಬಳಿ, ಸಮರಾಭ್ಯಾಸದ ವೇಳೆ, 'ಮೈಸೂರು' ಬ್ರಿಟಿಷರ 'ಹೋಗ್' ನೌಕೆಗೆ ಡಿಕ್ಕಿಯಾಯಿತು. 'ಹೋಗ್' ಚೇತರಿಸಿಕೊಳ್ಳಲಿಲ್ಲ, 1962ರಲ್ಲಿ ಗುಜರಿಗೆ ಹೋಯಿತು.

1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ಕಾರವಾರದ ಎದುರಿಗೇ ಇರುವ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ವಶಪಡಿಸಿಕೊಳ್ಳಲು ಹೋದವು 'ಮೈಸೂರು' ಮತ್ತು 'ತ್ರಿಶೂಲ್'. ದಡಕ್ಕಿಳಿದ ನಾವಿಕರನ್ನು ಗುಂಡಿನ ಮಳೆ ಎದುರುಗೊಂಡಿತು. ದ್ವೀಪವೇನೋ ನಮ್ಮದಾಯಿತು, ಏಳು ಮಂದಿ ನಾವಿಕರು ಹಿಂತಿರುಗಲಿಲ್ಲ. ಇಂದು ಆ ದ್ವೀಪ ಕಾರವಾರದ ನೌಕಾನೆಲೆಯ ತೆರೆಯೊಡ್ಡಿನಿಂದ ನೆಲಕ್ಕೆ ಸೇರಿಕೊಂಡಿದೆ.

ಮುಪ್ಪು

ಉಪ್ಪುನೀರು ಉಕ್ಕಿನ ಹಲಗೆಗಳನ್ನು ಸವೆಸುತ್ತದೆ; ಬಾಯ್ಲರಿನ ಕೊಳವೆಗಳು ಶಿಥಿಲವಾಗುತ್ತವೆ; ಹಳೆಯ ಯಂತ್ರಕ್ಕೆ ಬಿಡಿಭಾಗ ದೊರೆಯುವುದಿಲ್ಲ. ಸಮರನೌಕೆಗೆ ಇದಕ್ಕಿಂತ ಕ್ರೂರವಾದ ಇನ್ನೊಂದು ಮುಪ್ಪುಂಟು: ಕಾಲವೇ ಅದನ್ನು ಹಿಂದೆ ಬಿಟ್ಟು ನಡೆದುಬಿಡುತ್ತದೆ. 1971ರಲ್ಲಿ 'ಮೈಸೂರು' ಪಶ್ಚಿಮ ನೌಕಾದಳದ ನಾಯಕನೌಕೆ. ಅದರಲ್ಲಿ ಆಗ ಆರಂಗುಲದ ಒಂಬತ್ತು ಫಿರಂಗಿಗಳಿದ್ದವು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿ 'ಖೈಬರ್' ನೌಕೆಯನ್ನು ಮುಳುಗಿಸಿದವು ಸುಮಾರು ಇನ್ನೂರು ಟನ್ನಿನ ಪುಟ್ಟ ಕ್ಷಿಪಣಿ ದೋಣಿಗಳು! ಫಿರಂಗಿಯ ಯುಗ ಮುಗಿದಿತ್ತು.

1973ರಲ್ಲಿ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದರೂ ಹಡಗು 'ಮೈಸೂರು' ಆಗಿಯೇ ಉಳಿಯಿತು. ಮುಂದೆ ಕೆಲವು ವರ್ಷ ತರುಣರಿಗೆ ಕಡಲಿನ ಪಾಠ ಹೇಳಿತು. 1985ರ ಆಗಸ್ಟ್ 20ರಂದು ಅದರ ಸೇವೆ ಮುಗಿಯಿತು. ನೌಕೆಯ ನಿವೃತ್ತಿಗೆ ಒಂದು ವಿಧಿಯುಂಟು: ಸೂರ್ಯಾಸ್ತದ ಹೊತ್ತಿಗೆ ಬಾವುಟವನ್ನು ಕಡೆಯ ಬಾರಿ ಇಳಿಸುತ್ತಾರೆ. ಅನಂತರ ಅದು ಸಮರನೌಕೆಯಲ್ಲ, ತೂಕಕ್ಕೆ ಮಾರುವ ಉಕ್ಕು. 'ಮೈಸೂರು' ಕೂಡ ಹಾಗೆಯೇ ಕಳಚಿಹೋಯಿತು.

ಹದಿನಾಲ್ಕು ವರ್ಷಗಳ ತರುವಾಯ, 1999ರ ಜೂನ್ 2ರಂದು, ಅದೇ ಹೆಸರಿನ, ಅದೇ ಗಂಡಭೇರುಂಡದ ಇನ್ನೊಂದು ನೌಕೆ ಸೇವೆಗೆ ಸೇರಿತು. 2008ರಲ್ಲಿ ಏಡನ್ ಕೊಲ್ಲಿಯಲ್ಲಿ ಇಪ್ಪತ್ಮೂರು ಕಡಲ್ಗಳ್ಳರನ್ನು ಸೆರೆಹಿಡಿದುದು ಈ 'ಮೈಸೂರೇ'. ಇದನ್ನು ಟೈನ್ ನದಿಯ ದಡದಿಂದ ಕೊಂಡು ತರಬೇಕಾಗಲಿಲ್ಲ. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಮ್ಮವರೇ ಕಟ್ಟಿದರು. ಹಳೆಯ ಹಡಗನ್ನು ಕೊಂಡುದು ವ್ಯರ್ಥವಾಗಲಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.